ಗ್ರೇಡ್ 5 ಟೈಟಾನಿಯಂ ಬೀಡ್ ನೀಲಿಯಾಗುತ್ತಿದೆ, ಬಗ್ಗಿಸಿದರೆ ಸೀಳುತ್ತಿದೆ: ಆಂಪ್ ಇಳಿಸಿದರೆ ಸಾಕೇ?

ಮೈಸೂರಿನ ಹೂಟಗಳ್ಳಿಯ ಶೆಡ್‌ನಲ್ಲಿ 2 ಮಿ.ಮೀ. ಗ್ರೇಡ್ 5 (ಅಲ್ಯೂಮಿನಿಯಂ, ವೆನೇಡಿಯಂ ಬೆರೆಸಿದ ಟೈಟಾನಿಯಂ) ಶೀಟ್‌ಗೆ ಟಿಗ್ ವೆಲ್ಡಿಂಗ್ ಮಾಡುತ್ತಿದ್ದೀರಿ, 80 ಆಂಪ್‌ನಲ್ಲಿ ಬೀಡ್ (ಕರಗಿ ಗಟ್ಟಿಯಾದ ವೆಲ್ಡ್ ಸಾಲು) ನೀಲಿಯಾಗುತ್ತಿದೆ, ವೈಸ್‌ಗೆ ಕಚ್ಚಿಸಿ ಬಗ್ಗಿಸಿದರೆ ಸೀಳುತ್ತಿದೆ ಎಂದು ಕೇಳಿದ್ದೀರಿ. ಆಂಪ್ ಇಳಿಸುವುದೊಂದರಿಂದಲೇ ಇದು ಸರಿಹೋಗುವುದಿಲ್ಲ. ನಿಮ್ಮಲ್ಲಿ ಮೊದಲು ಸರಿಯಾಗಬೇಕಾದದ್ದು ಬೀಡನ್ನು ಗಾಳಿಯಿಂದ ಕಾಯುವ ಆರ್ಗಾನ್ ಗ್ಯಾಸ್, ಆಮೇಲೆ ಟಾರ್ಚ್‌ನ ವೇಗ, ಕೊನೆಗೆ ಕರೆಂಟ್.

ಟೈಟಾನಿಯಂ ಬಿಸಿಯಿದ್ದಾಗ ಗಾಳಿಯ ಆಮ್ಲಜನಕ, ಸಾರಜನಕ ಎರಡನ್ನೂ ಹೀರಿಕೊಳ್ಳುತ್ತದೆ. ಬೀಡ್ ಗಟ್ಟಿಯಾದ ಮೇಲೂ, ಸುಮಾರು 425 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವವರೆಗೆ, ಅದರ ಮೇಲೆ ಆರ್ಗಾನ್ ಹೊದಿಕೆ ಇರಲೇಬೇಕು. ಈ ಲೋಹ ಶಾಖವನ್ನು ಬೇಗ ಹರಿಯಗೊಡದು, ಹಾಗಾಗಿ ಟಾರ್ಚ್ ಮುಂದೆ ಹೋದರೂ ಹಿಂದೆ ಬಿಸಿ ಬಾಲ ಉಳಿದಿರುತ್ತದೆ. ಕರೆಂಟ್ ಏರಿಸಿದಷ್ಟೂ ಆ ಬಾಲ ಉದ್ದ. ಸ್ಟೀಲ್‌ಗೆ ಬಳಸುವ ಸಣ್ಣ ಕಪ್ (ಟಾರ್ಚ್ ತುದಿಯ ಗ್ಯಾಸ್ ಮೂತಿ) ಇದಕ್ಕೆ ಸಾಲದು. ಗ್ಯಾಸ್ ಲೆನ್ಸ್ (ಗ್ಯಾಸನ್ನು ನೇರವಾಗಿ ಹರಿಸುವ ಜಾಲರಿ) ಜೊತೆ 12ನೇ ನಂಬರ್ ಕಪ್ ಹಾಕಿ, ಅದರ ಹಿಂದೆ 75ರಿಂದ 100 ಮಿ.ಮೀ. ಉದ್ದದ ಟ್ರೈಲಿಂಗ್ ಶೀಲ್ಡ್, ಅಂದರೆ ಬಿಸಿ ಬಾಲದ ಮೇಲೆ ಆರ್ಗಾನ್ ಬಿಡುವ ಪೆಟ್ಟಿಗೆ, ಕಟ್ಟಿ. ತೆಳು ತಾಮ್ರದ ಪೆಟ್ಟಿಗೆಯೊಳಗೆ ಸ್ಟೇನ್‌ಲೆಸ್ ಜಾಲರಿ ತುಂಬಿದರೆ ಗ್ಯಾಸ್ ಸಮನಾಗಿ ಇಳಿಯುತ್ತದೆ.

ಶೀಟ್‌ನ ಅಡಿಗೆ ತೋಡು ಕೊರೆದ ತಾಮ್ರದ ಪಟ್ಟಿ ಇಟ್ಟು ಅದರಲ್ಲೂ ಆರ್ಗಾನ್ ಹರಿಸಿ. ಟಾರ್ಚ್‌ಗೆ ನಿಮಿಷಕ್ಕೆ 12 ಲೀಟರ್, ಶೀಲ್ಡ್‌ಗೆ 12, ಅಡಿಗೆ 4, ಇಷ್ಟರಿಂದ ಶುರುಮಾಡಿ. ಒಟ್ಟು 28 ಲೀಟರ್, ಅಂದರೆ 7 ಘನ ಮೀಟರ್ ಸಿಲಿಂಡರ್ ಸುಮಾರು ನಾಲ್ಕು ಗಂಟೆ ಬರುತ್ತದೆ. ದರ ಹೇಳುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. 99.999 ಶೇಕಡಾ ಶುದ್ಧತೆಯ ಆರ್ಗಾನ್ ತರಿಸಿ. ಹರಿವು ಅತಿಯಾದರೆ ಗ್ಯಾಸ್ ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆಳೆಯುತ್ತದೆ. ಬೀಡ್ ಮುಗಿದ ಮೇಲೆ ಕನಿಷ್ಠ 20 ಸೆಕೆಂಡ್ ಟಾರ್ಚ್ ಎತ್ತಬೇಡಿ. ಆಷಾಢದ ಗಾಳಿಯಲ್ಲಿ ಶಟರ್ ತೆರೆದಿಟ್ಟು ಈ ಕೆಲಸ ಬೇಡ, ಫ್ಯಾನ್ ಕೂಡ ಬೇಡ.

ಇನ್ನು ಶಾಖದ ಲೆಕ್ಕ. ವೋಲ್ಟ್, ಆಂಪ್, 60 ಮೂರನ್ನೂ ಗುಣಿಸಿ, ನಿಮಿಷಕ್ಕೆ ಎಷ್ಟು ಮಿ.ಮೀ. ಸಾಗುತ್ತೀರೋ ಅದರಿಂದ ಭಾಗಿಸಿ. 80 ಆಂಪ್, 10 ವೋಲ್ಟ್, 120 ಮಿ.ಮೀ. ವೇಗಕ್ಕೆ ಪ್ರತಿ ಮಿ.ಮೀ.ಗೆ 400 ಜೂಲ್. ಅದೇ ಆಂಪ್‌ನಲ್ಲಿ ಕೈ ನಿಧಾನವಾಗಿ 60ಕ್ಕೆ ಇಳಿದರೆ 800. ಆದರೆ 100 ಆಂಪ್‌ಗೆ ಏರಿಸಿ 200ರ ವೇಗದಲ್ಲಿ ಹೋದರೆ 300 ಮಾತ್ರ. ಆಂಪ್ ಇಳಿಸಿ ನಿಧಾನವಾಗಿ ಎಳೆಯುವುದು ಶಾಖ ಕಡಿಮೆ ಮಾಡಿದಂತೆ ಕಾಣುತ್ತದೆ, ನಿಜಕ್ಕೆ ಹೆಚ್ಚಿಸಿರಬಹುದು. ಅನೇಕರು ಎಡವುವುದು ಇಲ್ಲೇ.

ಶಾಖ ಹೆಚ್ಚಾದರೆ, ಸುಮಾರು 995 ಡಿಗ್ರಿ ದಾಟಿದ ಭಾಗದಲ್ಲಿ ಬೀಟಾ ಕಣಗಳು (ಆ ಬಿಸಿಯಲ್ಲಿ ಲೋಹ ತಳೆಯುವ ಹರಳುಗಳು) ದಪ್ಪವಾಗಿ ಬೆಳೆಯುತ್ತವೆ, ಬಾಗುವ ಗುಣ ಕುಗ್ಗುತ್ತದೆ, ಶೀಟ್ ಸೊಟ್ಟಗಾಗುತ್ತದೆ. ತೀರಾ ಬೇಗ ತಣಿದರೆ ಮಾರ್ಟೆನ್‌ಸೈಟ್ ಎಂಬ ಸೂಜಿಯಂಥ ಹರಳು ರಚನೆಯಾಗಿ ಗಡಸುತನ ಏರುತ್ತದೆ. ಪಲ್ಸ್ (ಕರೆಂಟನ್ನು ಏರಿಳಿಸುತ್ತಾ ಬಿಡುವ ಸೌಲಭ್ಯ) ಇರುವ ಮಷಿನ್ ಆದರೆ ಬಳಸಿ. ಸರಾಸರಿ ಶಾಖ ಇಳಿಯುತ್ತದೆ.

ಟೆನ್ಸೈಲ್ (ಎಳೆದು ಬಲ ಅಳೆಯುವ ಪರೀಕ್ಷೆಯ) ರಿಪೋರ್ಟ್ ಒಂದನ್ನೇ ನಂಬಬೇಡಿ ಎಂದು ಒತ್ತಿ ಹೇಳುತ್ತೇನೆ. ಆಮ್ಲಜನಕ ಸೇರಿದ ಬೀಡ್ ಬಲದಲ್ಲಿ ಚೆನ್ನಾಗಿಯೇ ತೋರಬಹುದು, ಹಿಗ್ಗುವ ಗುಣ ಮಾತ್ರ ಹೋಗಿರುತ್ತದೆ. ಬೆಳ್ಳಿ ಬಣ್ಣ ಅಥವಾ ತಿಳಿ ಹುಲ್ಲಿನ ಬಣ್ಣ ಸರಿ. ಕಡು ನೀಲಿ, ಬೂದು, ಬಿಳಿ ಪುಡಿ ಕಂಡರೆ ತಿರಸ್ಕರಿಸಿ. ಬ್ರಷ್ ಹೊಡೆದರೆ ಬಣ್ಣ ಹೋಗುತ್ತದೆ, ಒಳಗೆ ಸೇರಿದ ಆಮ್ಲಜನಕ ಹೋಗುವುದಿಲ್ಲ. ಬೀಡನ್ನು ಕಾರ್ಬೈಡ್ ಬರ್ (ತಿರುಗುವ ಗಟ್ಟಿ ಕೊರೆಯುವ ತುದಿ) ಹಿಡಿದು ಪೂರ್ತಿ ತೆಗೆದು ಮತ್ತೆ ಹಾಕಿ. ಶೀಟನ್ನು ತಿರುಗಿಸಿ ಅಡಿಯ ಬಣ್ಣವನ್ನೂ ನೋಡಿ.

ಬೀಡ್‌ನ ಅಂಚಿನಲ್ಲಿ ಸಾಲಾಗಿ ಸಣ್ಣ ರಂಧ್ರ ಸಿಕ್ಕರೆ ಕಾರಣ ಎಣ್ಣೆ, ಬೆವರು, ತೇವ. ಅಂಚನ್ನೂ ಫಿಲ್ಲರ್ ಕಡ್ಡಿಯನ್ನೂ (ಬೀಡ್‌ಗೆ ಕರಗಿಸಿ ಸೇರಿಸುವ ಕಡ್ಡಿ) ಅಸಿಟೋನ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಕಪ್ಪಾಗದಷ್ಟು ಸಲ. ಕ್ಲೋರಿನ್ ಇರುವ ದ್ರಾವಕ, ಮೆಥನಾಲ್ ಎರಡೂ ಬೇಡ, ಬಿರುಕು ತರುತ್ತವೆ. ಬ್ರಷ್ ಟೈಟಾನಿಯಂಗೇ ಮೀಸಲಾದ ಸ್ಟೇನ್‌ಲೆಸ್ಸಿನದಾಗಿರಲಿ. ಫಿಲ್ಲರ್ ತುದಿ ಗ್ಯಾಸ್‌ನಿಂದ ಹೊರಬಂದು ಬಣ್ಣಗೆಟ್ಟರೆ ಕತ್ತರಿಸಿಯೇ ಮುಂದುವರಿಸಿ. ರಬ್ಬರ್ ಹೋಸ್ ತೇವ ಹಿಡಿಯುತ್ತದೆ, ಪ್ಲಾಸ್ಟಿಕ್ ಹೋಸ್ ಹಾಕಿ.

ನಿಮ್ಮ ಬಗ್ಗಿಸುವ ಪರೀಕ್ಷೆಯನ್ನೂ ಬದಲಿಸಬೇಕು. ವೆಲ್ಡ್ ಇಲ್ಲದ 2 ಮಿ.ಮೀ. ಗ್ರೇಡ್ 5 ಶೀಟ್‌ಗೇ ದಪ್ಪದ 5 ಪಟ್ಟು, ಅಂದರೆ 10 ಮಿ.ಮೀ. ತ್ರಿಜ್ಯ ಬೇಕು, ವೈಸ್‌ನ ಚೂಪು ಅಂಚಿನ ಮೇಲೆ ಅದೂ ಸೀಳುತ್ತದೆ. ವೆಲ್ಡ್ ಮಾಡಿದ ತುಂಡನ್ನು ಅದಕ್ಕಿಂತ ದೊಡ್ಡ ತ್ರಿಜ್ಯದ ದುಂಡು ಸರಳಿನ ಮೇಲೆ ಬಗ್ಗಿಸಿ, ಪಕ್ಕದಲ್ಲಿ ವೆಲ್ಡ್ ಇಲ್ಲದ ತುಂಡನ್ನೂ ಅದೇ ಸರಳಿನ ಮೇಲೆ ಬಗ್ಗಿಸಿ ಹೋಲಿಸಿ.