ಕಾಡು, ಕೆರೆಯ ಕಂಪ್ಯೂಟರ್ ಮಾಡೆಲ್ ಬರೆಯೋದು: ಮರದ ಜಾತಿಗೊಂದು ಕ್ಲಾಸ್ ಬೇಕಾ?

ನೀವು ಕೇಳಿರೋದು ಇಷ್ಟು: ಕೋಲಾರದ ಕಡೆಯ ಮರ, ಕೆರೆಗಳನ್ನಿಟ್ಟುಕೊಂಡು ಕಾಲೇಜು ಪ್ರಾಜೆಕ್ಟ್ ಮಾಡ್ತಿದ್ದೀರಿ. ‘ಮರ’ ಅನ್ನೋ ಕ್ಲಾಸ್ (ಒಂದು ಬಗೆಯ ವಸ್ತುವಿಗೆ ಏನೇನು ಗುಣ, ಏನೇನು ಕೆಲಸ ಅಂತ ಪ್ರೋಗ್ರಾಂನಲ್ಲಿ ಬರೆಯೋ ಅಚ್ಚು) ಬರೆದು ಅದರ ಕೆಳಗೆ ಹೊಂಗೆ, ಬೇವು, ನೀಲಗಿರಿ ಅಂತ ಒಂದೊಂದು ಕ್ಲಾಸ್ ಮಾಡಿದ್ದೀರಿ. ಮುಂದೆ ದಾರಿ ಕಾಣ್ತಿಲ್ಲ.

ನನ್ನ ಮಟ್ಟಿಗೆ ಜಾತಿಗೊಂದು ಕ್ಲಾಸ್ ಬೇಡವೇ ಬೇಡ. ಹೊಂಗೆಗೂ ಬೇವಿಗೂ ಇರೋ ವ್ಯತ್ಯಾಸ ಬಹುಪಾಲು ಅಂಕಿಗಳದ್ದು: ಬೆಳೆಯೋ ವೇಗ, ಏರಬಹುದಾದ ಎತ್ತರ, ನೆರಳಲ್ಲಿ ತಾಳೋ ಶಕ್ತಿ. ಅವನ್ನೆಲ್ಲ ಒಂದು ಪಟ್ಟಿಯಲ್ಲಿಟ್ಟು ಒಂದೇ ಮರ ಕ್ಲಾಸ್‌ಗೆ ಕೊಡಿ. 1972ರಲ್ಲಿ ಅಮೆರಿಕದಲ್ಲಿ ಬಾಟ್‌ಕಿನ್ ಮತ್ತು ಸಂಗಡಿಗರು ಪ್ರಕಟಿಸಿದ ‘ಜಬೋವಾ’ ಮಾಡೆಲ್‌ನಲ್ಲಿ 10 ಮೀಟರ್‌ಗೆ 10 ಮೀಟರ್ ಕಾಡಿನ ತುಂಡು, ಅದರೊಳಗೆ ಒಂದೊಂದು ಮರದ್ದೂ ಬೇರೆ ಬೇರೆ ಲೆಕ್ಕ. ಎತ್ತರದ ಮರದ ನೆರಳು ಬಿದ್ದಷ್ಟೂ ಗಿಡ್ಡ ಮರ ನಿಧಾನವಾಗಿ ಬೆಳೀತದೆ. ಮಾಡೆಲ್‌ನ ಜೀವ ಇರೋದು ಅಲ್ಲಿ, ಒಂದು ಇನ್ನೊಂದಕ್ಕೆ ಏನು ಮಾಡ್ತದೆ ಅನ್ನೋದರಲ್ಲಿ. ಅಂದಹಾಗೆ, ಕ್ಲಾಸ್, ಆಬ್ಜೆಕ್ಟ್ (ಆ ಅಚ್ಚಿನಿಂದ ತೆಗೆದ ಒಂದೊಂದು ವಸ್ತು) ಅನ್ನೋ ಕಲ್ಪನೆ ಹುಟ್ಟಿದ್ದೇ ಇಂಥ ಕೆಲಸಕ್ಕೆ. 1960ರ ದಶಕದಲ್ಲಿ ನಾರ್ವೆಯ ಡಾಲ್, ನ್ಯೂಗೋರ್ ಇಬ್ಬರೂ ಸಿಮುಲಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದು ಸಿಮುಲೇಶನ್‌ಗೋಸ್ಕರ, ಅಂದರೆ ನಿಜದಲ್ಲಿ ನಡೆಯೋದನ್ನು ಕಂಪ್ಯೂಟರ್‌ನಲ್ಲಿ ನಡೆಸಿ ನೋಡೋಕೆ.

ನಾನು ಎಡವಿದ ಜಾಗ ಹೇಳ್ತೀನಿ. ನಮ್ಮದು ಮಾಲೂರು ಕಡೆ, ಮನೆ ಹಿಂದೆಯೇ ನೀಲಗಿರಿ ತೋಪು. ನನ್ನ ಮೊದಲ ಮಾಡೆಲ್‌ನಲ್ಲಿ ಕಟಾವು ಅಂದರೆ ಆಬ್ಜೆಕ್ಟ್ ಡಿಲೀಟ್. ಎಂಟನೇ ವರ್ಷಕ್ಕೆ ಪರದೆ ಮೇಲೆ ತೋಪೇ ಮಾಯ. ಅಪ್ಪ ನೋಡಿ, ‘ಕುಯ್ದ್ರೆ ನೀಲಗಿರಿ ಸಾಯ್ತದೇನೋ?’ ಅಂದರು. ತೋಪಿಗೆ ಹೋಗಿ ನೋಡಿದೆ. ಮೋಟಿನ ಸುತ್ತ ಏಳೆಂಟು ಚಿಗುರು, ಎಲೆಗಳಿನ್ನೂ ಮೆತ್ತಗೆ, ನೀಲಿ ಬೂದಿ ಬಣ್ಣ. ಬೇರು ಹಳೇದು, ಕಾಂಡ ಹೊಸದು, ಮರ ಮಾತ್ರ ಅದೇ. ಆವತ್ತೇ ‘ಕಡಿ’, ‘ಬುಡಸಮೇತ ಕೀಳು’ ಅಂತ ಎರಡು ಮೆಥಡ್ (ಆಬ್ಜೆಕ್ಟ್ ಮೇಲೆ ನಡೆಸೋ ಕೆಲಸ) ಮಾಡಿದೆ. ಮೊದಲನೆಯದು ಕಾಂಡದ ವಯಸ್ಸನ್ನು ಸೊನ್ನೆ ಮಾಡ್ತದೆ, ಬೇರಿನ ವಯಸ್ಸನ್ನು ಮುಟ್ಟೋದಿಲ್ಲ. ನಮ್ಮ ಜಿಲ್ಲೆಗೆ ಈ ವ್ಯತ್ಯಾಸ ಸಣ್ಣದಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿತು, ಆದರೆ ಹಳೇ ಮೋಟು ತಾನಾಗಿಯೇ ಚಿಗುರ್ತದೆ, ಅದನ್ನು ಯಾರೂ ನೆಡಬೇಕಿಲ್ಲ.

ಕೆರೆಗೆ ಬಂದರೆ, ಪ್ರತಿ ಕೆರೆಗೂ ತನ್ನ ಕೋಡಿ ನೀರು ಯಾವ ಕೆರೆಗೆ ಹೋಗ್ತದೆ ಅನ್ನೋದೊಂದು ಗೊತ್ತಿದ್ದರೆ ಸಾಕು. ಎಷ್ಟು ನೀರು ಹಿಡೀತದೆ ಅನ್ನೋದನ್ನು ಬದಲಾಗದ ಅಂಕಿಯಾಗಿ ಬರೀಬೇಡಿ, ಹೂಳು ತುಂಬಿದ ಹಾಗೆ ಅದು ಇಳೀಬೇಕು. ಲೂಪ್ ಓಡಿಸುವಾಗ, ಅಂದರೆ ದಿನಾ ಒಂದೊಂದೇ ಕೆರೆಯ ಲೆಕ್ಕ ಸರದಿಯಲ್ಲಿ ಮಾಡುವಾಗ, ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಬನ್ನಿ. ನಾನು ಹೆಸರಿನ ಅಕ್ಷರ ಕ್ರಮದಲ್ಲಿ ಓಡಿಸಿದ್ದೆ, ಕೆಲವು ಕಡೆ ಕೆಳಗಿನ ಕೆರೆ ಮೊದಲು ಬಂದು, ಕೋಡಿ ನೀರು ಅಲ್ಲಿಗೆ ಒಂದು ದಿನ ತಡವಾಗಿ ಸೇರ್ತಿತ್ತು.

ಮೂರು ಕೆರೆ, ಒಂದು ತೋಪು ಇಟ್ಟುಕೊಂಡು ಶುರು ಮಾಡಿ. ಒಂದು ಹೆಕ್ಟೇರ್ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 10,000 ಲೀಟರ್ ನೀರು. ಬಿದ್ದ ಮಳೆ ಒಂದು ಕಡೆ, ಮರ ಹೀರಿದ್ದು, ಆವಿಯಾದದ್ದು, ಇಂಗಿದ್ದು, ಕೆರೆಯ ನೀರಲ್ಲಿ ಆ ದಿನ ಆದ ಏರಿಳಿತ, ಕೊನೇ ಕೋಡಿ ದಾಟಿ ಹೋದದ್ದು ಇನ್ನೊಂದು ಕಡೆ ಇಟ್ಟು ದಿನಾ ಕೂಡಿಸಿ ನೋಡಿ. ಎರಡೂ ತಾಳೆ ಆಗೋ ತನಕ ನಾಲ್ಕನೇ ಕೆರೆ ಸೇರಿಸಬೇಡಿ. ಕೋಡ್ ಇಲ್ಲಿ ಹಾಕಿದರೆ ಕೂತು ನೋಡ್ತೀನಿ.