ಕೋಶಪೊರೆಯ ಕೊಬ್ಬು ಬರಿಯ ಗೋಡೆಯೇ?

ಪ್ರಶ್ನೆ: ಜೀವಕೋಶದ ಪೊರೆಯೆಂದರೆ ಕೊಬ್ಬಿನ ಎರಡು ಪದರಗಳ ಗೋಡೆ ಎಂದು ಪಿಯುಸಿಯಲ್ಲಿ ಓದಿದ್ದೆ. ಆ ಕೊಬ್ಬೇ ರೋಗನಿರೋಧಕ ಕೋಶಗಳ ಸಂಕೇತ ಪ್ರೋಟೀನುಗಳನ್ನು ನಿಯಂತ್ರಿಸುತ್ತದಂತೆ. ಹೇಗೆ? ನಾವು ತಿನ್ನುವ ಎಣ್ಣೆ, ತುಪ್ಪಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಗೋಡೆ ಎನ್ನುವುದು ತಪ್ಪಲ್ಲ; ಆದರೆ ಪೊರೆಯ ಒಳಮೈಯಲ್ಲಿ ನಡೆಯುವ ಕೆಲಸವೆಲ್ಲ ಆ ಮಾತಿನಲ್ಲಿ ಮರೆಯಾಗುತ್ತದೆ. ಪ್ರತಿಕಾಯಗಳ ಮೂಲವಾದ ಬಿ ಕೋಶವನ್ನೇ ನೋಡೋಣ. ಅದರ ಗ್ರಾಹಕಕ್ಕೆ ರೋಗಾಣುವಿನ ಅಂಶ ಅಂಟಿಕೊಂಡಾಗ, ಪಿಐ3 ಕೈನೇಸ್ ಎಂಬ ಕಿಣ್ವವು ಪೊರೆಯ ಒಳಪದರದಲ್ಲಿರುವ ಪಿಐಪಿ2 ಎಂಬ ಕೊಬ್ಬಿನ ಅಣುವಿಗೆ ಇನ್ನೊಂದು ಫಾಸ್ಫೇಟನ್ನು ಜೋಡಿಸಿ ಅದನ್ನು ಪಿಐಪಿ3 ಆಗಿಸುತ್ತದೆ. ಆಗುವ ಬದಲಾವಣೆ ಇಷ್ಟೇ. ಆದರೆ ಅದುವರೆಗೆ ಬಹುಪಾಲು ಕೋಶದ್ರವದಲ್ಲಿದ್ದ ಬಿಟಿಕೆ ಎಂಬ ಪ್ರೋಟೀನು, ತನ್ನ ಒಂದು ತುದಿಯಲ್ಲಿರುವ ಪೊಟರೆಯಂಥ ಭಾಗದಿಂದ ಆ ಹೊಸ ಅಣುವಿನ ತಲೆಯನ್ನು ಹಿಡಿದು ಪೊರೆಗೆ ಬಂದು ಕೂರುತ್ತದೆ, ಅಲ್ಲಿ ಚುರುಕುಗೊಂಡು ಮುಂದಿನ ಕಿಣ್ವವನ್ನು ಎಬ್ಬಿಸುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ಏರತೊಡಗುತ್ತದೆ.

ಈ ಹಿಡಿತದ ಬೆಲೆ ಒಂದು ಕಾಯಿಲೆಯಿಂದ ತಿಳಿಯುತ್ತದೆ. ಪ್ರತಿಕಾಯಗಳೇ ಇಲ್ಲದ ಬಾಲಕನೊಬ್ಬನ ಸ್ಥಿತಿಯನ್ನು ಅಮೆರಿಕದ ವೈದ್ಯ ಆಗ್ಡೆನ್ ಬ್ರೂಟನ್ 1952ರಲ್ಲಿ ವರದಿ ಮಾಡಿದರು. ಇಂಥ ಮಕ್ಕಳಲ್ಲಿ ಕೆಟ್ಟಿರುವುದು ಎಕ್ಸ್ ವರ್ಣತಂತುವಿನ ಮೇಲಿನ ಬಿಟಿಕೆ ವಂಶವಾಹಿ ಎಂಬುದು 1993ರಲ್ಲಿ ಗೊತ್ತಾಯಿತು. ಕೆಲವು ರೋಗಿಗಳಲ್ಲಿ ಈ ಪ್ರೋಟೀನಿನ 28ನೆಯ ಸ್ಥಾನದ ಆರ್ಜಿನೀನ್ ಎಂಬ ಅಮೈನೋ ಆಮ್ಲ ಹೋಗಿ ಹಿಸ್ಟಿಡೀನ್ ಬಂದಿರುತ್ತದೆ. ಫಾಸ್ಫೇಟಿನ ಋಣಾವೇಶವನ್ನು ಹಿಡಿಯಬೇಕಾದದ್ದು ಆರ್ಜಿನೀನಿನ ಧನಾವೇಶ. ಕಿಣ್ವದ ಕೆಲಸ ಮಾಡುವ ಭಾಗಕ್ಕೆ ಯಾವ ಊನವೂ ಇಲ್ಲ. ಆದರೂ ಕೊಬ್ಬಿನ ತಲೆ ಕೈಗೆ ಸಿಗದೆ ಪ್ರೋಟೀನು ನಿಷ್ಪ್ರಯೋಜಕವಾಗುತ್ತದೆ. ಈ ವಿಷಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಾಣೆ.

ಕೆಲಸ ಮುಗಿದಾಗ ಪಿಟೆನ್ ಮತ್ತು ಶಿಪ್1 ಎಂಬ ಕಿಣ್ವಗಳು ಪಿಐಪಿ3ರಿಂದ ಫಾಸ್ಫೇಟನ್ನು ಕಿತ್ತು ಸಂಕೇತವನ್ನು ತಗ್ಗಿಸುತ್ತವೆ. ಸಂಕೇತ ಅತಿಯಾದರೂ ಅಪಾಯವೇ: ಪಿಐ3 ಕೈನೇಸಿನ ಡೆಲ್ಟಾ ರೂಪ ಹುಟ್ಟಿನಿಂದಲೇ ಮಿತಿಮೀರಿ ದುಡಿಯುವ ಕಾಯಿಲೆಯನ್ನು 2013ರಲ್ಲಿ ಗುರುತಿಸಲಾಯಿತು, ಅದನ್ನು ತಡೆಯುವ ಲೆನಿಯೋಲಿಸಿಬ್ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಇನ್ನೊಂದು ರೋಗನಿರೋಧಕ ಕೋಶವಾದ ಟಿ ಕೋಶದಲ್ಲಿ ಹಿಡಿತ ಬೇರೆ ಬಗೆಯದು. ಅಲ್ಲಿ ಗ್ರಾಹಕದ ಬಾಲವೇ ಒಳಪದರದ ಋಣಾವೇಶದ ಕೊಬ್ಬಿಗೆ ಅಂಟಿಕೊಂಡು ಹುದುಗಿರುತ್ತದೆ, ಕ್ಯಾಲ್ಸಿಯಂ ಒಳನುಗ್ಗಿ ಆ ಆವೇಶವನ್ನು ತಣಿಸಿದಾಗ ಬಿಡಿಸಿಕೊಳ್ಳುತ್ತದೆ.

ಇನ್ನು ಎಣ್ಣೆ, ತುಪ್ಪದ ಮಾತು. ಆಹಾರದ ಕೊಬ್ಬಿನಾಮ್ಲಗಳು ಪೊರೆಯ ರಚನೆಯನ್ನು ಒಂದಷ್ಟು ಬದಲಿಸುವುದು ನಿಜ. ಆದರೆ ಇಲ್ಲಿ ಹೇಳಿದ ಫಾಸ್ಫೇಟು ಊಟದಿಂದ ನೇರವಾಗಿ ಬಂದು ಸೇರುವುದಿಲ್ಲ. ಗ್ರಾಹಕದ ಕರೆ ಬಂದಾಗ ಕೋಶದ ಕಿಣ್ವವೇ ಅದನ್ನು ಜೋಡಿಸುತ್ತದೆ. ಆದ್ದರಿಂದ ಅಡುಗೆಯ ಎಣ್ಣೆ ಬದಲಿಸಿ ಈ ಸಂಕೇತವನ್ನು ಬೇಕಾದಂತೆ ಏರಿಸುತ್ತೇವೆ, ಇಳಿಸುತ್ತೇವೆ ಎನ್ನುವ ಜಾಹೀರಾತುಗಳನ್ನು ದಯವಿಟ್ಟು ನಂಬಬೇಡಿ.