ವ್ಲಾದ್‌ನನ್ನು ಕ್ರೂರಿ ಮಾಡಿದ್ದು ಶತ್ರುಗಳಾ?

ಓದುಗರ ಪತ್ರ: ಡ್ರಾಕುಲಾ ಎಂದು ಹೆಸರಾದ ವ್ಲಾದ್ ದೊರೆ ರುಮೇನಿಯಾದಲ್ಲಿ ವೀರನಂತೆ. ಹಾಗಾದರೆ ಅವನು ಜನರನ್ನು ಶೂಲಕ್ಕೇರಿಸಿದ ಕಥೆಗಳೆಲ್ಲ ಶತ್ರುಗಳು ಕಟ್ಟಿದ್ದು ಅಲ್ವಾ? ಮಗ ಜರ್ಮನಿಯಲ್ಲಿದ್ದಾನೆ. ಬರುವ ಬೇಸಿಗೆಯಲ್ಲಿ ಅವನ ಜೊತೆ ಬ್ರಾನ್ ಕೋಟೆ ನೋಡಲು ಹೋಗುತ್ತಿದ್ದೇವೆ.

ಸಂಪಾದಕರ ಉತ್ತರ: ನಿಮ್ಮ ಮಾತು ಅರ್ಧ ಸರಿ. ರಕ್ತ ಕುಡಿಯುವ ಡ್ರಾಕುಲಾನನ್ನಂತೂ ಪಕ್ಕಕ್ಕಿಡಿ, ಅದು 1897ರ ಕಾದಂಬರಿಯ ಪಾತ್ರ. ನಿಜವಾದ ವ್ಲಾದ್ ಮುಖ್ಯವಾಗಿ 1456ರಿಂದ 1462ರವರೆಗೆ ವಲಾಕಿಯಾವನ್ನು, ಅಂದರೆ ಈಗಿನ ರುಮೇನಿಯಾದ ದಕ್ಷಿಣ ಭಾಗವನ್ನು ಆಳಿದವನು. ಪಕ್ಕದ ಟ್ರಾನ್ಸಿಲ್ವೇನಿಯಾದ ಬ್ರಾಷೋವ್‌ನಲ್ಲಿದ್ದ ಜರ್ಮನ್ ಮಾತಿನ ಸ್ಯಾಕ್ಸನ್ ವ್ಯಾಪಾರಿಗಳಿಗೂ ಇವನಿಗೂ ಆಗಿಬರುತ್ತಿರಲಿಲ್ಲ. ಅವರು ಇವನ ಪಟ್ಟದ ಮೇಲೆ ಕಣ್ಣಿಟ್ಟವರಿಗೆ ಆಸರೆ ಕೊಟ್ಟರು, ಇವನು ಅವರ ಊರುಗಳಿಗೆ ಬೆಂಕಿ ಇಟ್ಟ. ಕಥೆಗಳು ಹೊರಟಿದ್ದು ಮುಖ್ಯವಾಗಿ ಅವರ ಬಾಯಿಂದ. 1462ರ ಕೊನೆಗೆ ಹಂಗೇರಿಯ ದೊರೆ ಮಥಿಯಾಸ್ ಅವನನ್ನು ಸೆರೆಹಿಡಿದ. ತುರ್ಕರ ಮೇಲೆ ಬಿದ್ದವನನ್ನು ಜೈಲಿಗೆ ಹಾಕಿದ್ದೇಕೆ ಅಂತ ಯುರೋಪಿಗೆ ಹೇಳಬೇಕಿತ್ತಲ್ಲ, ಆ ಕಥೆಗಳು ಅವನಿಗೂ ಒದಗಿಬಂದವು.

ಅದೇ ಕಾಲಕ್ಕೆ ಅಚ್ಚುಕೂಟ ಬೇರೆ ಬಂದಿತ್ತು. 1500ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಅಚ್ಚಾದ ಚಿಕ್ಕ ಪುಸ್ತಕದ ಚಿತ್ರವನ್ನು ನೀವೂ ನೋಡಿರಬಹುದು. ವ್ಲಾದ್ ಮೇಜಿನ ಮುಂದೆ ಕೂತು ಊಟ ಮಾಡುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಕೊಡಲಿ ಹಿಡಿದು ಹೆಣ ಕಡಿಯುತ್ತಿದ್ದಾನೆ. ಆಚೆ ಸಾಲು ಸಾಲು ಶೂಲ, ಒಂದೊಂದರ ಮೇಲೂ ಮನುಷ್ಯರು. ಇಂಥದ್ದು ಮಾರಾಟವಾಗದೆ ಇರುತ್ತದೆಯೇ! (ಪತ್ರಿಕೆಯವನಾಗಿ ಹೇಳುತ್ತಿದ್ದೇನೆ.)

ಆದರೆ ಇಷ್ಟರಿಂದಲೇ ಅವನನ್ನು ಖುಲಾಸೆ ಮಾಡಲು ನಾನು ತಯಾರಿಲ್ಲ. ಕಾರಣ ಅವನದೇ ಒಂದು ಕಾಗದ. 1462ರ ಫೆಬ್ರುವರಿಯಲ್ಲಿ, ಡ್ಯಾನ್ಯೂಬ್ ನದಿಯುದ್ದಕ್ಕೂ ದಾಳಿ ಮಾಡಿದ ಮೇಲೆ, ಇದೇ ಮಥಿಯಾಸ್‌ಗೆ ಬರೆದದ್ದು. ಯಾವ ಊರಲ್ಲಿ ಎಷ್ಟು ಜನರನ್ನು ಕೊಂದೆ ಅಂತ ಲೆಕ್ಕ ಒಪ್ಪಿಸುತ್ತಾನೆ. ಒಟ್ಟು 23,884 ತುರ್ಕರು ಮತ್ತು ಬಲ್ಗೇರಿಯನ್ನರು. ಮನೆಯೊಳಗೇ ಸುಟ್ಟುಹೋದವರು ಈ ಲೆಕ್ಕದಲ್ಲಿಲ್ಲ ಅಂತಲೂ ಸೇರಿಸುತ್ತಾನೆ. ಸಂಖ್ಯೆ ಜಾಸ್ತಿ ಮಾಡಿ ಹೇಳಿರಬಹುದು. ಆದರೆ ಹಾಗಿದ್ದರೆ ಅದು ಅವನ ಬಡಾಯಿ, ಶತ್ರುಗಳ ಅಪಪ್ರಚಾರವಲ್ಲ.

ಆ ವರ್ಷವೇ ಸುಲ್ತಾನ ಎರಡನೇ ಮೆಹಮದ್ ದಂಡೆತ್ತಿ ಬಂದ. ರಾಜಧಾನಿ ತರ್ಗೋವಿಷ್ಟೆಯ ಹತ್ತಿರ ಅವನಿಗೆ ಕಂಡದ್ದು ಶೂಲಗಳ ಕಾಡು. ಸುಮಾರು 20,000 ಹೆಣ ಅಂತ ಗ್ರೀಕ್ ಇತಿಹಾಸಕಾರ ಖಾಲ್ಕೊಕಾಂಡಿಲೀಸ್ ಬರೆಯುತ್ತಾನೆ. ಅವನ ಬರಹದಲ್ಲಿ ಹೆಂಗಸರು, ಮಕ್ಕಳೂ ಇದ್ದಾರೆ.

ಇನ್ನು ವೀರನ ವಿಷಯ. ಊರ ಬಾವಿಯ ಹತ್ತಿರ ಚಿನ್ನದ ಬಟ್ಟಲಿಟ್ಟರೂ ಕದಿಯುವವರಿರಲಿಲ್ಲ ಅನ್ನುವ ಕಥೆ ಅಲ್ಲಿ ಬಲು ಜನಪ್ರಿಯ. 1976ರಲ್ಲಿ, ಅವನು ಸತ್ತು 500 ವರ್ಷವಾದಾಗ, ಚೌಷೆಸ್ಕು ಸರ್ಕಾರ ಅಂಚೆಚೀಟಿಯನ್ನೂ ತಂದಿತು. ಸರ್ವಾಧಿಕಾರಿಗೆ ಇಂಥ ಪೂರ್ವಜ ಇಷ್ಟವಾಗಿದ್ದರಲ್ಲಿ ಆಶ್ಚರ್ಯ ಏನಿದೆ?

ಬ್ರಾನ್‌ಗೆ ಖಂಡಿತ ಹೋಗಿ, ಚೆನ್ನಾಗಿದೆ. ಆದರೆ ಅದನ್ನು ಕಟ್ಟಿಸಿದ್ದು ಅವನಲ್ಲ, ಅವನ ವೈರಿಗಳಾದ ಬ್ರಾಷೋವ್‌ನವರ ಹಿಂದಿನ ತಲೆಮಾರಿನವರು. ಅವನದೇ ಕೋಟೆ ಬೇಕೆಂದರೆ ಪೊಯೆನಾರಿ ಇದೆ. ಬೆಟ್ಟದ ಮೇಲೆ ಪಾಳುಗೋಡೆ ಅಷ್ಟೇ, ಹತ್ತಬೇಕಾದ ಮೆಟ್ಟಿಲು ಮಾತ್ರ 1,480. ತೆರೆದಿದೆಯಾ ಅಂತ ಮಗನಿಗೆ ಮೊದಲೇ ವಿಚಾರಿಸಲು ಹೇಳಿ.